ಅಜ್ಜನವರು ಅಡುಗೆಮನೆಗೆ ಕಳುಹಿಸಿದ್ದು

ಗುಡ್ಡದ ಮೇಲಿನ ಮಠವೆಂದರೆ ದೊಡ್ಡ ಕಟ್ಟಡವನ್ನು ಊಹಿಸಿಕೊಳ್ಳಬೇಡಿ, ಮಹನೀಯರೇ! ತಗಡಿನ ಮಾಡು, ಎರಡು ಕೋಣೆ, ಒಂದು ಬೇವಿನ ಮರ, ಅಷ್ಟೇ. ಆ ಮರದ ನೆರಳಿನಲ್ಲಿ ಪೂಜ್ಯ ಗುರುಪಾದಜ್ಜನವರು ದಾಸೋಹದ ಊಟಕ್ಕಾಗಿ ಮುತ್ತುಗದ ಎಲೆ ಹಚ್ಚುತ್ತ ಕುಳಿತಿರುತ್ತಿದ್ದರು.

ಒಂದು ಸೋಮವಾರ ಹತ್ತಿ ಮಿಲ್ಲಿನ ಫಿಟ್ಟರ್ ಸಂಗನಬಸಪ್ಪನವರು ಕೆಮ್ಮುತ್ತ ಮೆಟ್ಟಿಲೇರಿ ಬಂದರು. ದೇವರು ದಿಂಡರಲ್ಲಿ ನಂಬಿಕೆಯಿಲ್ಲದ ಆಸಾಮಿ. ಆದರೆ ಶ್ವಾಸಕೋಶದ ಕ್ಯಾನ್ಸರ್ ಬೆನ್ನೆಲುಬಿಗೂ ಹಬ್ಬಿದೆಯೆಂದು ಡಾಕ್ಟರು ಹೇಳಿದಂದಿನಿಂದ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಹೆಂಡತಿ ಶಿವಗಂಗವ್ವನವರಿಗೆ ‘ಹಳೇ ಕೆಮ್ಮು’ ಎಂದಷ್ಟೇ ಹೇಳಿದ್ದರು; ನಿಜ ತಿಳಿದರೆ ಆಕೆ ಕುಸಿದಾಳೆಂಬ ಭಯ. ಚಿಕಿತ್ಸೆಗೆ ಸೇರಿದರೆ ಗುಟ್ಟು ರಟ್ಟಾದೀತೆಂದು ಅದನ್ನೂ ಮುಂದೂಡುತ್ತ ಬಂದಿದ್ದರು.

“ಇನ್ನೆಷ್ಟು ದಿನ ಅದೇನಿ, ಹೇಳಿಬಿಡ್ರಿ ಅಜ್ಜಾರ.”

“ಡಾಕ್ಟರು ಏನಂದ್ರು?” ಗುರುಗಳು ಕೈಯ ಎಲೆ ಬಿಡದೆ ಕೇಳಿದರು.

“ಹಬ್ಬಿದ್ದು ನಮ್ಮ ಕೈಯಾಗಿಲ್ಲಂತ. ಆದ್ರ ಓಡಾಡೋ ಶಕ್ತಿ ಇದ್ದು, ತೂಕ ಇಳಿಲಾರದಂಗ ಉಂಡು, ಬೀಡಿ ಬಿಟ್ಟು, ತಡಾ ಮಾಡದ ಔಷಧ ತಗೊಂಡ್ರ ಹೆಚ್ಚು ದಿನ ಬಾಳಬಹುದಂತ. ಮನ್ಯಾಗ ನೋಡ್ಕೊಳ್ಳೋರು ಬೇಕಂತ.”

“ಗುಡ್ಡ ಹತ್ತಿ ಬಂದಿ, ಶಕ್ತಿ ಐತಿ. ಯಾರ ಜೋಡಿ ಬಂದಿ?”

“ಒಬ್ಬನ ಬಂದೇನ್ರಿ.”

ಗುರುಗಳು ಎಲೆ ಕೆಳಗಿಟ್ಟರು. “ಅದೊಂದ ಕಮ್ಮಿ ಐತಿ. ಒಳಗ ರೊಟ್ಟಿ ಬಡಿಯಾಕಿ ಅದಾಳ. ನನಗ ಹೇಳಿದ್ದು ಆಕಿಗೂ ಹೇಳು, ಹೋಗು.”

ಗುರುತಿಲ್ಲದವರಿಗೆ ಹೇಳುವುದೇನು ಕಷ್ಟವೆಂದುಕೊಂಡು ಹೊಸ್ತಿಲು ದಾಟಿದ ಸಂಗನಬಸಪ್ಪನವರ ಕಾಲುಗಳು ನೆಲಕ್ಕೆ ಕಚ್ಚಿಕೊಂಡವು. ಒಲೆಯ ಮುಂದೆ ಶಿವಗಂಗವ್ವ! ತಂಗಿಯ ಮನೆಗೆಂದು ಹೋದವಳು! ಓಡಿಹೋಗಲೇ ಎಂದು ತಿರುಗಿದರೆ ಹೊರಗೆ ಗುರುಗಳು ಇತ್ತಲೇ ನೋಡುತ್ತಿದ್ದಾರೆ.

“ನನಗ... ಕ್ಯಾನ್ಸರ್ ಅಂತ,” ಎಂದರು ಹೇಗೋ.

ಆಕೆ ತಲೆಯೆತ್ತಲಿಲ್ಲ. “ಬೆಲ್ಟಿಗೆ ಹೊಸಾ ತೂತು ಹೊಡಕೊಂಡೀರಿ, ಮ್ಯಾಲ ಮತ್ತೊಂದು. ನಾ ಏನು ಕುರುಡಿ ಏನ್ರೀ? ದೊಡ್ಡ ಬ್ಯಾನಿ ಅಂತ ಯಾವಾಗೋ ಗೊತ್ತಾತು. ನೀವ ಬಾಯಿ ಬಿಡ್ಲಿ ಅಂತ ಸೋಮವಾರಕ್ಕೊಮ್ಮೆ ಇಲ್ಲಿ ರೊಟ್ಟಿ ಬಡೀತೀನಂತ ಹರಕಿ ಹೊತ್ತಿದ್ದೆ.”

ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡ ಆ ತಾಯಿ ಬಿಸಿ ರೊಟ್ಟಿಯೊಂದನ್ನು ಅವರತ್ತ ತಳ್ಳಿದರು. “ಮೊದಲ ಉಣ್ರಿ.”

ಇಬ್ಬರ ಗುಟ್ಟನ್ನೂ ಬಲ್ಲ ಗುರುಗಳು ಯಾರದನ್ನೂ ಬಿಟ್ಟುಕೊಡಲಿಲ್ಲ, ನೋಡಿ! ಬಾಗಿಲಲ್ಲಿ ನಿಂತು ಇಷ್ಟೇ ಅಂದರು: “ದವಾಖಾನಿಗೂ ಕೂಡೇ ಹೋಗ್ರಿ.”

ಅಂಜಿಕೆ ಹೋಯಿತೇ? ಎಲ್ಲಿಯದು! ಗುಡ್ಡ ಇಳಿಯುವಾಗಲೂ ಸಂಗನಬಸಪ್ಪನವರ ಕೈ ಮೆಟ್ಟಿಲ ಕಂಬಿಯನ್ನು ಬಿಡಲಿಲ್ಲ. ಆದರೆ ಆ ಕೈಯ ಮೇಲೆ ಹಿಟ್ಟು ಮೆತ್ತಿದ ಇನ್ನೊಂದು ಕೈಯಿತ್ತು. ಕೆಳಗೆ ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆಂದು ಕೇಳಿದ.

“ದೊಡ್ಡ ದವಾಖಾನಿಗೆ,” ಎಂದರು. ಪಕ್ಕಕ್ಕೆ ತಿರುಗಿ ಹೆಂಡತಿಯನ್ನೊಮ್ಮೆ ನೋಡಿದರು. “ಎರಡು ಕೊಡಪಾ.”