ಪುಕ್ಕಮ್ಮನ ಮೊರದಗಲ ಬಿಸಿಲು

ಇತ್ತು ಒಂದು ಕೋಳಿ. ಹೆಸರು ಪುಕ್ಕಮ್ಮ. ಅವಳಿಗೆ ಒಂದೇ ಒಂದು ಮರಿ. ತೋಟದ ಸೀಬೆ ಮರದ ಕೆಳಗೆ ಮೊರದಗಲ ಬಿಸಿಲು ಬೀಳುತ್ತಿತ್ತು. ಮರಿ ಅಲ್ಲೇ ಮೈ ಕಾಯಿಸುತ್ತಿತ್ತು.

ಮಾಗಿ ಚಳಿ ಬಂತು. ನೋಡಿದರೆ ಬಿಸಿಲೇ ಇಲ್ಲ. ಮರಿ ಗಡಗಡ ನಡುಗಿತು. ಪುಕ್ಕಮ್ಮ ಮರದ ಹತ್ತಿರ ಹೋದಳು.

“ಮರಪ್ಪ, ಮರಪ್ಪ, ನನ್ನ ಬಿಸಿಲು ಕೊಡು.”

“ಅಯ್ಯೋ ಪೆದ್ದಿ. ನನ್ನ ಹೊಟ್ಟೆ ತುಂಬ ರೆಂಬೆ. ಮಾಲಿ ನೆಲದ ಮೇಲೆ ನಿಂತು ಸುತ್ತ ಸವರಿದ. ಮೇಲೆ ಹತ್ತಿ ಒಳಗೆ ಸವರಲಿಲ್ಲ. ಸೋಮಾರಿ. ನನ್ನ ರೆಂಬೆ ನಾನೇ ಕಡಿದುಕೊಳ್ಳಲಾ? ಮಾಲೀನ ಕೇಳು.”

ಪುಕ್ಕಮ್ಮ ಮಾಲಿ ಹತ್ತಿರ ಹೋದಳು.

“ಮಾಲಿಯಣ್ಣ, ಮಾಲಿಯಣ್ಣ, ಮರದ ಹೊಟ್ಟೆ ಸವರು. ಸವರಿದರೆ ಬಿಸಿಲು ಬರುತ್ತೆ. ಬಿಸಿಲು ಬಂದರೆ ಮರಿ ಬದುಕುತ್ತೆ.”

ಮಾಲಿ ಮೀಸೆ ತಿರುವಿದ. “ಕೋಳಿ ನನಗೆ ಕೆಲಸ ಕಲಿಸುತ್ತಾ? ಮಚ್ಚು ಮೊಂಡು. ಕಮ್ಮಾರನ್ನ ಕೇಳು, ಹೋಗು.”

ಪುಕ್ಕಮ್ಮ ಕಮ್ಮಾರನ ಹತ್ತಿರ ಹೋದಳು.

“ಕಮ್ಮಾರಣ್ಣ, ಕಮ್ಮಾರಣ್ಣ, ಮಚ್ಚು ಹದ ಮಾಡು. ಹದ ಮಾಡಿದರೆ ಮಾಲಿ ಸವರುತ್ತಾನೆ. ಸವರಿದರೆ ಬಿಸಿಲು ಬರುತ್ತೆ. ಬಿಸಿಲು ಬಂದರೆ ಮರಿ ಬದುಕುತ್ತೆ.”

ಕಮ್ಮಾರ ನಕ್ಕ. “ಸಾರಿಗೆ ಬೀಳೋಳು ಊರಿಗೆ ಬುದ್ಧಿ ಹೇಳ್ತಾಳೆ. ಕುಲುಮೆಗೆ ಇದ್ದಿಲಿಲ್ಲ. ಇದ್ದಿಲಜ್ಜೀನ ಕೇಳು, ಹೋಗು.”

ಪುಕ್ಕಮ್ಮ ಇದ್ದಿಲಜ್ಜಿ ಹತ್ತಿರ ಹೋದಳು.

“ಅಜ್ಜಿ, ಅಜ್ಜಿ, ಇದ್ದಿಲು ಸುಡು. ಇದ್ದಿಲು ಸುಟ್ಟರೆ ಕಮ್ಮಾರ ಮಚ್ಚು ಹದ ಮಾಡುತ್ತಾನೆ. ಹದ ಮಾಡಿದರೆ ಮಾಲಿ ಸವರುತ್ತಾನೆ. ಸವರಿದರೆ ಬಿಸಿಲು ಬರುತ್ತೆ. ಬಿಸಿಲು ಬಂದರೆ ಮರಿ ಬದುಕುತ್ತೆ.”

ಅಜ್ಜಿ ಮೂಗು ಮುರಿದಳು. “ತಿಪ್ಪೆ ಕೆದಕೋಳೇ, ಇದ್ದಿಲಿಗೆ ಸೌದೆ ಬೇಡವಾ? ಒಣಗಿದ ರೆಂಬೆ ತಾ. ಆಮೇಲೆ ಬಾಯಿ ತೆಗಿ.”

ಪುಕ್ಕಮ್ಮ ಮರಕ್ಕೇ ವಾಪಸು ಬಂದಳು. ಹಾರಿದಳು. ಬಿದ್ದಳು. ಮತ್ತೆ ಹಾರಿದಳು. ಮಾಲಿ ಹತ್ತದ ಮರವನ್ನ ಕೋಳಿ ಹತ್ತಿತು. ಮರದ ಹೊಟ್ಟೆಯಲ್ಲಿ ಒಂದು ಸತ್ತ ರೆಂಬೆ. ಅದರ ಮೇಲೆ ಕೂತಳು. ಕುಣಿದಳು. ಲಟಕ್ ಅಂತ ಮುರಿಯಿತು.

ರೆಂಬೆ ಎಳೆದು ತಂದು ಅಜ್ಜಿ ಮುಂದೆ ಹಾಕಿದಳು.

ರೆಂಬೆ ಬಂತು, ಅಜ್ಜಿ ಇದ್ದಿಲು ಸುಟ್ಟಳು. ಇದ್ದಿಲು ಬಂತು, ಕಮ್ಮಾರ ಮಚ್ಚು ಹದ ಮಾಡಿದ. ಮಚ್ಚು ಬಂತು, ಮಾಲಿ ಮರ ಹತ್ತಿದ. ಉಸ್ಸಪ್ಪ ಅಂತ ಹತ್ತಿದ. ಒಂದಕ್ಕೊಂದು ಉಜ್ಜೋ ರೆಂಬೆ ಕಡಿದ. ಒಳಕ್ಕೆ ತಿರುಗಿದ ರೆಂಬೆ ಕಡಿದ. ಮರದ ಹೊಟ್ಟೆ ಬಯಲಾಯಿತು. ಬಿಸಿಲು ಬಂತು. ಮೊರದಗಲ ಬಿಸಿಲು. ಮರಿ ನಡುಕ ಬಿಟ್ಟು ರೆಕ್ಕೆ ಬಿಚ್ಚಿ ಮಲಗಿತು.

ಮಾಲಿ ಇಳಿದು ಬಂದ. ಬಿಸಿಲಿಗೆ ಅಡ್ಡ ನಿಂತ. ಮೀಸೆ ತಿರುವಿದ.

“ನೋಡಿದೆಯಾ ನನ್ನ ಕೆಲಸ?”

ಪುಕ್ಕಮ್ಮ ತಲೆ ಎತ್ತಲಿಲ್ಲ.

“ಆಚೆ ಸರಿಯಪ್ಪ,” ಅಂದಳು. “ಮರಿ ಮೇಲೆ ನಿನ್ನ ನೆರಳು ಬೀಳ್ತಿದೆ.”