ಸಾರಿಲ್ಲದ ಬಟ್ಟಲು

"ಗುರುಗಳೇ, ತಾಯಿ ತೀರಿಕೊಂಡ ಮೇಲೆ ನನಗೆ ಯಾವುದರಲ್ಲೂ ರುಚಿಯಿಲ್ಲ. ಧ್ಯಾನದಲ್ಲಿಲ್ಲ, ಓದಿನಲ್ಲಿಲ್ಲ, ಜೊತೆಯವರ ಮಾತಿನಲ್ಲೂ ಇಲ್ಲ. ರುಚಿ ಮರಳುವ ತನಕ ಎಲ್ಲರಿಂದ ದೂರ ಕುಳಿತು ಕಾಯಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಜಪಾನಿನ ಒಂದು ಬಂದರಿನಲ್ಲಿ ಒಬ್ಬ ಅಡುಗೆಯವನಿದ್ದ. ಅವನದು ನೂಡಲ್ಸ್ ಅಂಗಡಿ. ಆದರೆ ಜನ ಬರುತ್ತಿದ್ದುದು ನೂಡಲ್ಸಿಗಲ್ಲ, ಅದರ ಮೇಲೆ ಅವನು ಸುರಿಯುತ್ತಿದ್ದ ಸಾರಿಗೆ. ಮೂಳೆಯನ್ನೂ ಒಣಮೀನನ್ನೂ ಹಾಕಿ ಎರಡು ದಿನ ಕುದಿಸಿದ ಸಾರು ಅದು. ಎಷ್ಟು ಬೆಂದಿದೆ, ಇನ್ನೇನು ಬೇಕು ಎಂಬುದನ್ನು ಅವನು ಮೂಸಿ ನೋಡಿಯೇ ಹೇಳುತ್ತಿದ್ದ. ಹೆಂಡತಿಯನ್ನು ಕೂಡ ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಅವಳು ಬಡಿಸುತ್ತಿದ್ದಳು, ಬಟ್ಟಲು ತೊಳೆಯುತ್ತಿದ್ದಳು. ಮನೆಯ ಅಡುಗೆಯೂ ಅವನದೇ.

ಒಂದು ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಹತ್ತು ದಿನಕ್ಕೆ ಬಿಟ್ಟಿತು. ಹೋಗುವಾಗ ವಾಸನೆಯನ್ನೂ ರುಚಿಯನ್ನೂ ಕೊಂಡುಹೋಯಿತು. ಅವನು ಎದ್ದು ಬಂದು ಸಾರಿಟ್ಟ. ಬಾಯಿಗೆ ಬಿಟ್ಟುಕೊಂಡರೆ ಬರೀ ಬಿಸಿನೀರು. ಉಪ್ಪು ಹಾಕಿದ, ಮತ್ತೂ ಹಾಕಿದ. ಮೊದಲು ಬಂದ ಗಿರಾಕಿ ಒಂದು ಗುಟುಕು ಕುಡಿದು, ಬಟ್ಟಲು ಕೆಳಗಿಟ್ಟು ಎದ್ದು ಹೋದ. ಅಡುಗೆಯವನು ಹಂಡೆಯ ಸಾರನ್ನೆಲ್ಲ ಚರಂಡಿಗೆ ಚೆಲ್ಲಿ, ಅಂಗಡಿಯ ಬಾಗಿಲು ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಚಳಿ ಕಳೆಯುವ ಹೊತ್ತಿಗೆ ಹೆಂಡತಿ ಒಲೆ ಹೊತ್ತಿಸಿದಳು. ಅವಳಿಗೆ ಆ ಸಾರು ಮಾಡಲು ಬರುತ್ತಿರಲಿಲ್ಲ. ಸಾರಿಲ್ಲದ ನೂಡಲ್ಸ್ ಮಾಡಿದಳು. ಬಟ್ಟಲ ತಳದಲ್ಲಿ ಸೋಯಾ ರಸ, ಎಳ್ಳೆಣ್ಣೆ, ಒಣಮೆಣಸಿನ ಎಣ್ಣೆ. ಅದರ ಮೇಲೆ ದಪ್ಪನೆಯ ಬಿಸಿ ನೂಡಲ್ಸ್. ಮೇಲೆ ಕೊಚ್ಚಿದ ಮಾಂಸ, ಹಸಿ ಈರುಳ್ಳಿ, ಕರಿದ ಬೆಳ್ಳುಳ್ಳಿ, ಒಂದು ಮೊಟ್ಟೆಯ ಹಳದಿ. ಬಡಿಸುವಾಗ ಎಲ್ಲರಿಗೂ ಹೇಳುತ್ತಿದ್ದಳು: "ನೋಡುತ್ತ ಕೂರಬೇಡಿ. ತಳದಿಂದ ಎತ್ತಿ ಎತ್ತಿ ಚೆನ್ನಾಗಿ ಕಲಸಿ, ಬಿಸಿ ಇರುವಾಗಲೇ ತಿನ್ನಿ. ಅರ್ಧ ಮುಗಿದಾಗ ಸ್ವಲ್ಪ ವಿನೆಗರ್ ಹಾಕಿಕೊಳ್ಳಿ. ಕೊನೆಗೆ ಒಂದು ಹಿಡಿ ಅನ್ನ ಕೊಡುತ್ತೇನೆ, ತಳದ ರಸ ಬಿಡಬೇಡಿ." ಜನ ಮೊದಲು ನಕ್ಕರು. ಆಮೇಲೆ ಬರತೊಡಗಿದರು.

ಅಡುಗೆಯವನಿಗೆ ಅದು ಅವಮಾನವೆನಿಸಿತು. ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತಿದ್ದ, ಸೌದೆ ಒಡೆಯುತ್ತಿದ್ದ, ಮುಂದಕ್ಕೆ ಬರುತ್ತಿರಲಿಲ್ಲ. ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಹೆಂಡತಿ ಒಂದು ಬಟ್ಟಲು ತಂದು ಅವನ ಮುಂದಿಡುತ್ತಿದ್ದಳು.

"ಆರುವ ಮುಂಚೆ ಕಲಸಿಕೊಳ್ಳಿ."

"ನಾಲಗೆ ಸತ್ತವನಿಗೆ ಇದೆಲ್ಲ ಯಾಕೆ? ರುಚಿ ಮರಳಲಿ. ಆಗ ನೀನು ಹಾಕಿದಷ್ಟು ತಿನ್ನುತ್ತೇನೆ."

ಅವನು ನಿಂತಲ್ಲೇ ಗಂಜಿ ಕುಡಿಯುತ್ತಿದ್ದ. ಬಟ್ಟಲಿನ ನೂಡಲ್ಸ್ ಆರಿ ಮುದ್ದೆಯಾಗುತ್ತಿತ್ತು. ಅವಳು ಅದನ್ನೇ ಬಿಡಿಸಿ ಬಿಡಿಸಿ ತಿಂದು ಬಟ್ಟಲು ತೊಳೆದಿಡುತ್ತಿದ್ದಳು. ಮರುದಿನ ಮತ್ತೆ ತರುತ್ತಿದ್ದಳು. ಹೀಗೆ ಏಳು ವರ್ಷ.

ಅವನು ಕೆಟ್ಟವನಲ್ಲ. ದಿನವೂ ಬೆಳಿಗ್ಗೆ ಎದ್ದ ಕೂಡಲೇ ಒಂದು ಶುಂಠಿಯ ತುಂಡನ್ನು ಮುರಿದು ಮೂಸಿ ನೋಡುತ್ತಿದ್ದ. ಏನೂ ತಿಳಿಯದಿದ್ದರೆ ಅಂದಿನ ದಿನ ಅವನ ಪಾಲಿಗೆ ಅಲ್ಲಿಗೇ ಮುಗಿಯುತ್ತಿತ್ತು.

ಎಂಟನೆಯ ವರ್ಷ ಹೆಂಡತಿ ಬಾವಿಯ ಹತ್ತಿರ ಕುಸಿದು ಬಿದ್ದಳು. ಮತ್ತೆ ಏಳಲಿಲ್ಲ.

ಅವಳ ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಅಡುಗೆಯವನು ಅಂಗಡಿಯ ಬಾಗಿಲಿಗೆ ತೂಗುಹಾಕಿದ್ದ ಪರದೆಯನ್ನು ಬಿಚ್ಚಿ ಇಳಿಸುತ್ತಿದ್ದ. ಪಕ್ಕದಲ್ಲಿ ತೋಫು ಮಾರುವ ಮುದುಕಿ ಬಂದು ನಿಂತಳು.

"ಮುಚ್ಚಿಬಿಡುತ್ತೀಯೇನಪ್ಪ?"

"ಸಾರಿಲ್ಲದ ಅಂಗಡಿ ಇದ್ದರೇನು, ಹೋದರೇನು?"

"ಆ ಸಾರಿಲ್ಲದ ನೂಡಲ್ಸನ್ನು ಅವಳು ಗಿರಾಕಿಗಳಿಗೆಂದು ಮಾಡಿದ್ದಲ್ಲ. ನೀನು ಮಲಗಿದ್ದ ಆ ಚಳಿಗಾಲವಿಡೀ ಮೂಗಿಗೆ ಹತ್ತಿ ತುರುಕಿಕೊಂಡು ನನ್ನ ಅಡುಗೆಮನೆಯಲ್ಲಿ ಕೂತಿದ್ದಳು. ವಾಸನೆ ರುಚಿ ಹೋದವನ ಬಾಯಿಗೆ ಏನೇನು ಗೊತ್ತಾಗುತ್ತದೆ ಎಂದು ಒಂದೊಂದನ್ನೇ ತಿಂದು ನೋಡಿದಳು. ನಿನಗೆ ಹೇಳಲಿಲ್ಲವೇ?"

"ಇಲ್ಲ."

"ತಿಂದರೆ ಅವರಿಗೇ ತಿಳಿಯುತ್ತದೆ ಎನ್ನುತ್ತಿದ್ದಳು."

ಅವನು ಪರದೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದ. ಅವಳ ಚಮಚದಿಂದಲೇ ಅಳೆದು ಒಂದು ಬಟ್ಟಲು ಸಿದ್ಧಮಾಡಿದ. ತಳದಿಂದ ಎತ್ತಿ ಎತ್ತಿ ಕಲಸಿ ಬಾಯಿಗಿಟ್ಟ. ರುಚಿ ಇರಲಿಲ್ಲ. ಆದರೆ ದಪ್ಪನೆಯ ನೂಡಲ್ಸ್ ಹಲ್ಲಿಗೆ ಎದುರು ನಿಂತಿತು. ಬೆಳ್ಳುಳ್ಳಿ ಕರುಮ್ಮೆಂದು ಮುರಿಯಿತು. ಬಿಸಿಯ ನಡುವೆ ಈರುಳ್ಳಿ ತಣ್ಣಗೆ ಸಿಕ್ಕಿತು. ಮೊಟ್ಟೆ ನುಣುಪಾಗಿ ಜಾರಿತು. ಮೆಣಸಿನ ಎಣ್ಣೆ ನಾಲಗೆಯನ್ನು ಸುಟ್ಟಿತು. ಸತ್ತಿದೆ ಎಂದು ಏಳು ವರ್ಷ ಹೇಳಿಕೊಂಡು ಬಂದಿದ್ದ ನಾಲಗೆ ಸತ್ತಿರಲಿಲ್ಲ. ಆ ಬಟ್ಟಲಿನಲ್ಲಿ ಅವನಿಗೆ ದಕ್ಕದಂಥದ್ದನ್ನು ಅವಳು ಬಹಳ ಕಡಿಮೆ ಇಟ್ಟಿದ್ದಳು.

ಅವನು ಅನ್ನ ಹಾಕಿಕೊಂಡು ತಳದ ರಸವನ್ನೂ ಬಳಿದು ತಿಂದ. ಬಟ್ಟಲು ಹಿಡಿದು ತಿರುಗಿದ. ಹೇಳಿಕೊಳ್ಳಲು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆದರೂ "ತಿಂದೆ" ಎಂದು ಗಟ್ಟಿಯಾಗಿ ಹೇಳಿದ. ಮತ್ತೊಮ್ಮೆ ಹೇಳಿದ. ಆಮೇಲೆ ನೆಲದ ಮೇಲೆ ಕುಳಿತವನನ್ನು ತೋಫು ಮುದುಕಿಯೇ ಬಂದು ಎಬ್ಬಿಸಬೇಕಾಯಿತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ:

"ಅವನಿಗೆ ರುಚಿ ಎಂದಾದರೂ ಮರಳಿತೇ, ಗುರುಗಳೇ?"

"ಮರುವರ್ಷವೇ ಮರಳಿತು, ಅವಳ ಕೈರುಚಿ ಹೇಗಿತ್ತೆಂಬುದು ಮಾತ್ರ ಅವನಿಗೆ ಸಾಯುವವರೆಗೂ ತಿಳಿಯಲಿಲ್ಲ."