ಉಪ್ಪುಕಡಲಿನ ಮಡಿಲಲ್ಲಿ ಸಿಹಿನೀರು ಕೂತದ್ದು

ಈ ಕತೆಯನ್ನು ನೀವು ನಂಬೋದಿಲ್ಲ. ಬೇಕಾದರೆ ಪಂಥ ಕಟ್ಟಿ. ಕಣದಲ್ಲಿ ಆಡಿ, ಹೊಟ್ಟಿನ ರಾಶಿಯಲ್ಲಿ ಹೊರಳಿ ಬೆಳೆದವನು ನಾನು. ಗಾಳಿಯ ವಿಷಯ ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರಾದರೂ ಇದ್ದರೆ ಮುಂದೆ ಬಂದು ಕೂತುಕೊಳ್ಳಿ, ನಾನೇ ಎದ್ದು ಜಾಗ ಬಿಡುತ್ತೇನೆ. ಯಾರೂ ಬರಲಿಲ್ಲವಲ್ಲ? ಹಾಗಾದರೆ ಕೇಳಿ, ಮಕ್ಕಳೇ.

ಆಗ ಲೋಕಕ್ಕೆ ಇನ್ನೂ ಹಾಲುಹಲ್ಲು. ಕಡಲಜ್ಜಿಯ ಅಂಗಳದಲ್ಲಿ ಎರಡು ನೆಲಗಳಿದ್ದವು. ಒಂದು ಹಿರಿನೆಲ. ಇನ್ನೊಂದು ಚೋಟ.

ಹಿರಿನೆಲ ಎಷ್ಟು ದೊಡ್ಡದು ಅಂದರೆ, ಅವನ ಒಂದು ಮಗ್ಗುಲಲ್ಲಿ ಕೋಳಿ ಕೂಗುವಾಗ ಇನ್ನೊಂದು ಮಗ್ಗುಲಲ್ಲಿ ಜನ ಊಟ ಮಾಡಿ ಕೈ ತೊಳೆಯುತ್ತಿದ್ದರು. ತಲೆಯ ಮೇಲೆ ಹಿಮ, ಹೊಟ್ಟೆಯ ಮೇಲೆ ಮರಳು, ಮೈತುಂಬ ನದಿಗಳು. ಮಲೆಗಳ ಮೇಲೆ ಮೋಡಗಳು ಎಮ್ಮೆಗಳ ಹಾಗೆ ಬಿದ್ದುಕೊಂಡು ಮೆಲುಕು ಹಾಕುತ್ತಿದ್ದವು.

ಚೋಟ ಎಷ್ಟು ಚಿಕ್ಕವನು ಅಂದರೆ, ಒಲೆಯ ಮೇಲೆ ಅನ್ನಕ್ಕಿಟ್ಟು ಅವನನ್ನು ಒಂದು ಸುತ್ತು ಹಾಕಿ ಬಂದರೂ ಅಕ್ಕಿ ಇನ್ನೂ ಬೆಂದಿರುತ್ತಿರಲಿಲ್ಲ. ಬರೀ ಬಿಳಿ ಮರಳು. ಅದರ ಮೇಲೆ ತೇಲಿಬಂದು ಬೇರುಬಿಟ್ಟ ಒಂದು ತೆಂಗಿನ ಸಸಿ. ಅಷ್ಟೇ ಅವನ ಸಂಸಾರ. ಆದರೆ ಜಂಬ ನೋಡಬೇಕಿತ್ತು. ಅದರಲ್ಲಿ ಮಾತ್ರ ಅವನು ಯಾರಿಗೂ ಕಡಿಮೆ ಇರಲಿಲ್ಲ. ಅದಕ್ಕೇ ಅವನನ್ನು ಕಂಡರೆ ನನಗೆ ಇಷ್ಟ.

"ಹಿರಿಯಣ್ಣಾ, ನೀನೂ ಒಂದು ನಾಡು, ನಾನೂ ಒಂದು ನಾಡು" ಅನ್ನುತ್ತಿದ್ದ ಚೋಟ.

ಹಿರಿನೆಲ ನಗುತ್ತಿದ್ದ. ಅವನು ನಕ್ಕರೆ ಗುಡ್ಡಗಳಿಂದ ಬಂಡೆ ಉರುಳುತ್ತಿದ್ದವು. "ನೀನು ನಾಡಾದರೆ, ನನ್ನ ಕಾಲಿಗೆ ಅಂಟಿರೋ ಕೆಸರೂ ನಾಡೇ ಕಣೋ."

"ನಿನ್ನ ಹತ್ತಿರ ಗಾಳಿ ಇದೆಯಾ?" ಅಂತ ಚೋಟ ಕೇಳಿಬಿಡುತ್ತಿದ್ದ. ಹಿರಿನೆಲ ಮಗ್ಗುಲು ಬದಲಿಸಿ ಮಲಗುತ್ತಿದ್ದ.

ನಿಜ. ಆ ಕಾಲದಲ್ಲಿ ಗಾಳಿಯಕ್ಕನ ಮನೆ ಇದ್ದದ್ದು ಚೋಟನ ಹತ್ತಿರ. ಅವನ ಮರಳಿನ ಮೇಲೆಯೇ ಮಲಗುತ್ತಿದ್ದಳು, ಏಳುತ್ತಿದ್ದಳು, ತೆಂಗಿನ ಸಸಿಯ ಗರಿ ಬಾಚುತ್ತಿದ್ದಳು.

ಒಂದು ಸುಗ್ಗಿಯಲ್ಲಿ ಹಿರಿನೆಲನಿಗೆ ಕಷ್ಟ ಬಂತು. ಕಣದ ತುಂಬ ರಾಶಿ. ಕಾಳು ಹೊಟ್ಟು ಎರಡೂ ಕಲೆತು ಬೆಟ್ಟದಂತೆ ಬಿದ್ದಿದೆ. ತೂರೋಣ ಅಂದರೆ ಒಂದು ಎಳೆ ಗಾಳಿ ಇಲ್ಲ. ಮೊರದಲ್ಲಿ ಎತ್ತಿ ಸುರಿದರೆ ಹೊಟ್ಟು ಅಲ್ಲೇ ಬೀಳುತ್ತೆ, ಕಾಳೂ ಅಲ್ಲೇ ಬೀಳುತ್ತೆ. ಅವನ ಮಕ್ಕಳು ಹೊಟ್ಟು ಸಮೇತ ಬೇಯಿಸಿಕೊಂಡು ತಿಂದು ಕೆಮ್ಮುತ್ತಾ ಕೂತರು.

"ತಮ್ಮಾ ಚೋಟ, ಗಾಳಿಯಕ್ಕನ್ನ ಮುಯ್ಯಿಗೆ ಕಳಿಸ್ತೀಯಾ?"

ಮುಯ್ಯಿ ಅಂದರೆ ಗೊತ್ತಲ್ಲ? ಇವತ್ತು ನಮ್ಮ ಮನೆಯವರು ನಿಮ್ಮ ಹೊಲಕ್ಕೆ ಬಂದು ದುಡಿಯುತ್ತಾರೆ, ನಾಳೆ ನಿಮ್ಮ ಮನೆಯವರು ನಮ್ಮ ಹೊಲಕ್ಕೆ ಬರಬೇಕು. ಕೂಲಿ ಕೊಡುವ ಹಾಗಿಲ್ಲ. ಬಂದ ಆಳು ಗಟ್ಟಿಯೋ ಸಣಕಲೋ ಅಂತ ತೂಗಿ ನೋಡುವ ಹಾಗಿಲ್ಲ.

"ಕಳಿಸ್ತೀನಿ. ನನ್ನ ಕೆಲಸಕ್ಕೂ ನಿನ್ನ ಮನೆಯಿಂದ ಆಳು ಬರಬೇಕು" ಅಂದ ಚೋಟ.

ಗಾಳಿಯಕ್ಕ ಸೆರಗು ಸಿಕ್ಕಿಸಿಕೊಂಡು ಹೊರಟಳು. ಕಣಕ್ಕೆ ಹೋದವಳೇ ಸರ್ರನೆ ಬೀಸಿದಳು ನೋಡಿ, ಹೊಟ್ಟು ಆ ಕಡೆ, ಕಾಳು ಈ ಕಡೆ. ಒಂದು ಕಣವೇ ಅವನದು? ಲೆಕ್ಕವಿಲ್ಲದಷ್ಟು. ಎಲ್ಲವನ್ನೂ ತೂರಿ ಮುಗಿಸುವ ಹೊತ್ತಿಗೆ ಅರ್ಧ ವರ್ಷವೇ ಕಳೆದಿತ್ತು.

ಇತ್ತ ಚೋಟನ ಮನೆಯಲ್ಲಿ ತೆಂಗಿನ ಸಸಿ ಬಾಡತೊಡಗಿತ್ತು. ಸುತ್ತ ಎಲ್ಲಿ ನೋಡಿದರೂ ನೀರು, ಎಲ್ಲ ಉಪ್ಪು. ಇಷ್ಟು ದಿನ ಬರೀ ಇಬ್ಬನಿ ಕುಡಿದು ಬದುಕಿದ್ದ ಸಸಿ, ಬೆಳೆದಂತೆ ಅದು ಸಾಲದೆ, ಈಗ ಹಳದಿ ತಿರುಗಿತ್ತು.

"ಅಣ್ಣಾ, ಬಾಯಾರಿಕೆ" ಅಂತು ಸಸಿ.

ಚೋಟ ಹಿರಿನೆಲನನ್ನು ಕೂಗಿದ. "ಅಣ್ಣಾ, ಮುಯ್ಯಿ ತೀರಿಸು. ಸಸಿಗೆ ನೀರು ಹಾಕಬೇಕು. ಆಳು ಕಳಿಸು."

ಹಿರಿನೆಲನಿಗೆ ನಗು ಬಂತು. "ಅಷ್ಟುದ್ದದ ಸಸಿಗೆ ನಮ್ಮನೆ ಆಳು ಬೇಕಾ? ಒಂದು ಬೊಗಸೆ ನೀರು ಎಸೀತೀನಿ, ಇಟ್ಕೋ. ನಿಮ್ಮಕ್ಕ ದುಡಿದಿದ್ದಕ್ಕೆ ಕೂಲಿ ಅಂದ್ಕೋ."

ಕೂಲಿ ಅಂದಿದ್ದೇ ತಡ, ಚೋಟನಿಗೆ ಮೈಯೆಲ್ಲ ಉರಿ. "ನಮ್ಮಕ್ಕನ್ನ ನಾನು ಕೂಲಿಗೆ ಕಳಿಸಿರಲಿಲ್ಲ, ಮುಯ್ಯಿಗೆ ಕಳಿಸಿದ್ದೆ. ನಿನ್ನ ಬೊಗಸೆ ನೀನೇ ಕುಡ್ಕೋ."

ನಾನಾಗಿದ್ದರೂ ಅದೇ ಮಾತು ಹೇಳುತ್ತಿದ್ದೆ. ಆದರೆ ಸಸಿಯ ಇನ್ನೊಂದು ಗರಿ ಒಣಗಿ ಕೆಳಗೆ ಬಿತ್ತು.

ಹಿರಿನೆಲನಿಗೂ ನಾಚಿಕೆಯಾಯಿತು. ಮುಯ್ಯಿ ತೀರಿಸದ ಮನೆ ಅಂತ ಹೆಸರು ಬಂದರೆ ನಾಳೆ ಅವನ ಕಣಕ್ಕೆ ಯಾರು ಬರುತ್ತಾರೆ? ತನ್ನ ಮನೆಯ ಅತಿ ದೊಡ್ಡ ಆಳನ್ನೇ ಕರೆದ. ಅದು ನದಿ. "ಹೋಗಮ್ಮ, ಚೋಟನ ಸಸಿಗೆ ನೀರು ಹಾಕಿ ಬಾ" ಅಂದ.

ನದಿ ಕುಣಿಯುತ್ತಾ ಹೊರಟಿತು. ಊರು ದಾಟಿತು, ಕಾಡು ದಾಟಿತು, ಕಡಲಜ್ಜಿಯ ಅಂಗಳಕ್ಕೆ ಕಾಲಿಟ್ಟಿತು. ಅಷ್ಟೇ. ಅಜ್ಜಿ ತಬ್ಬಿಕೊಂಡಳು, ನದಿ ಉಪ್ಪಾಯಿತು. ಹಿರಿನೆಲ ಇನ್ನೊಂದು ನದಿಯನ್ನು ಕಳಿಸಿದ, ಅದೂ ಉಪ್ಪಾಯಿತು. ಮತ್ತೊಂದನ್ನು ಕಳಿಸಿದ, ಅದೂ ಅಷ್ಟೇ. ಚೋಟನ ತನಕ ಒಂದೂ ತಲುಪಲಿಲ್ಲ.

"ಅಣ್ಣಾ" ಅಂತು ಸಸಿ. ಮುಂದಿನ ಮಾತು ಆಡಲು ಅದಕ್ಕೆ ಶಕ್ತಿ ಇರಲಿಲ್ಲ. ಸುಳಿಯಲ್ಲಿ ಮಾತ್ರ ಒಂದಿಷ್ಟು ಹಸಿರು ಉಳಿದಿತ್ತು.

ಕಣದ ಕೆಲಸ ಮುಗಿಸಿ ಮೈಗೆ ಹತ್ತಿದ್ದ ಹೊಟ್ಟು ಕೊಡವುತ್ತಿದ್ದ ಗಾಳಿಯಕ್ಕನಿಗೆ ಸುದ್ದಿ ಮುಟ್ಟಿತು. ಸೀದಾ ಹಿರಿನೆಲನ ಮುಂದೆ ಬಂದು ನಿಂತಳು.

"ನಿನ್ನ ಮನೇಲಿ ನಡೆಯೋ ಆಳುಗಳು ಮಾತ್ರಾನಾ ಇರೋದು? ಮಲೆ ಮೇಲೆ ಬಿದ್ಕೊಂಡಿವೆಯಲ್ಲ ಸೋಮಾರಿಗಳು, ಅವು ಯಾರು?"

"ಮೋಡಗಳು. ಅವು ಏಳಲ್ಲಮ್ಮ. ನಾನೂ ಎಬ್ಬಿಸಿ ಎಬ್ಬಿಸಿ ಸಾಕಾಗಿದೀನಿ."

"ನಿನಗೆ ಎಬ್ಬಿಸೋಕೆ ಬರಲ್ಲ ಅನ್ನು."

ಗಾಳಿಯಕ್ಕ ಮಲೆ ಹತ್ತಿ ಮೋಡಗಳ ಬೆನ್ನಿಗೆ ಒಂದೊಂದು ಬಿಟ್ಟಳು. ಹೋ ಹೋ ಅಂತ ಹೊಡೆದುಕೊಂಡು ಹೊರಟಳು. ಕಪ್ಪು ಮೋಡ, ಬೂದು ಮೋಡ, ಹೊಟ್ಟೆ ಜೋಲುವ ಬಸುರಿ ಮೋಡ, ಎಲ್ಲ ಗೊಣಗುತ್ತಾ ಕಡಲ ಮೇಲೆ ತೇಲಿದವು. ಕಡಲಜ್ಜಿ ಕೈ ಚಾಚಿದಳು, ಎಟುಕಲಿಲ್ಲ.

ಚೋಟನ ನೆತ್ತಿಗೆ ಬಂದು ಮೋಡಗಳು ಕೇಳಿದವು. "ಹಿರಿನೆಲನ ಮನೆಯಿಂದ ಮುಯ್ಯಿಗೆ ಬಂದಿದೀವಿ. ಏನು ಕೆಲಸ?"

"ಸುರೀರಿ" ಅಂದ ಚೋಟ.

ಸುರಿದವು ನೋಡಿ. ಸಸಿ ನೆನೆಯಿತು, ಮರಳು ನೆನೆಯಿತು. ಚೋಟ ಬಾಯಿ ತೆರೆದು ಕುಡಿದ. ಆದರೆ ಅವನ ಹತ್ತಿರ ಕೆರೆ ಇಲ್ಲ, ಕಟ್ಟೆ ಇಲ್ಲ, ಒಂದು ಗಡಿಗೆ ಕೂಡ ಇಲ್ಲ. ಸಿಹಿನೀರೆಲ್ಲ ಮರಳಿನೊಳಗೆ ಇಳಿಯಿತು, ಇಳಿಯಿತು, ಕಡಲಜ್ಜಿಯ ಉಪ್ಪುನೀರಿನ ಹತ್ತಿರಕ್ಕೇ ಹೋಯಿತು.

"ನನ್ನ ಅಂಗಳದಲ್ಲಿ ಬಿದ್ದಿದ್ದು ನಂದು" ಅಂದಳು ಅಜ್ಜಿ.

ಚೋಟನ ಜಂಬ ಇಳಿದದ್ದು ಆಗ ಮಾತ್ರ. ಹುಟ್ಟಿದಾಗಿನಿಂದ ಯಾರನ್ನೂ ಏನೂ ಬೇಡದವನು ಮೆಲ್ಲಗೆ ಹೇಳಿದ. "ಅಜ್ಜೀ, ನದಿಗಳನ್ನೆಲ್ಲ ನೀನೇ ಇಟ್ಕೋ. ಈ ಮಳೆನೀರು ಸಣ್ಣ ಕೂಸು. ಹಗುರ ಇದೆ. ಇದನ್ನ ನುಂಗಬೇಡ, ಸುಮ್ಮನೆ ಮಡಿಲಲ್ಲಿ ಕೂರಿಸ್ಕೋ. ನನ್ನ ಸಸಿ ಬದುಕ್ಕೊಳ್ಳುತ್ತೆ."

ಅಜ್ಜಿ ಕೆಳಗೆ ನೋಡಿದಳು. ಸಿಹಿನೀರು ಅವಳ ಮೇಲೆ ಆಗಲೇ ಬಂದು ಕೂತಿತ್ತು, ಸ್ನಾನ ಮಾಡಿಸಿದ ಮಗುವಿನ ಹಾಗೆ ತಣ್ಣಗೆ, ಹಗುರಾಗಿ. ಮಡಿಲಿಗೆ ಬಂದ ಮಗುವನ್ನು ಯಾವ ಅಜ್ಜಿ ಕೆಳಗಿಳಿಸುತ್ತಾಳೆ? ಕಡಲಜ್ಜಿ ಅಲುಗಾಡದೆ ಹಾಗೇ ಕೂತುಬಿಟ್ಟಳು.

ಸಸಿ ನೇರವಾಗಿ ಎದ್ದು ನಿಂತಿತು. ಹೊಸ ಗರಿ ಬಿಚ್ಚಿತು. ಆಮೇಲೆ ಮರವಾಗಿ, ಕಾಯಿ ಬಿಟ್ಟು, ಚೋಟನ ತುಂಬ ತೋಪೇ ಆಯಿತು.

ದೂರದಿಂದ ಹಿರಿನೆಲ ಕೂಗಿದ. "ಏನೋ ಪುಟ್ಟ ನಾಡು, ಮುಂದಿನ ಸುಗ್ಗಿಗೆ ಅಕ್ಕನ್ನ ಕಳಿಸ್ತೀಯಾ?"

"ನೀನು ಮೋಡ ಕಳಿಸು, ದೊಡ್ಡ ನಾಡೇ, ಯಾಕೆ ಕಳಿಸಲ್ಲ?"

ಆ ಮುಯ್ಯಿ ಇನ್ನೂ ನಿಂತಿಲ್ಲ. ಅದಕ್ಕೇ ಗಾಳಿ ಅರ್ಧ ವರ್ಷ ಒಂದು ಕಡೆಗೆ ಬೀಸಿದರೆ, ಇನ್ನರ್ಧ ವರ್ಷ ತಿರುಗಿ ಬೀಸುತ್ತದೆ. ಚೋಟನನ್ನು ಮುಟ್ಟದೆ ಹೋದ ನದಿಗಳೂ ಹಟ ಬಿಡದೆ ಇವತ್ತಿಗೂ ಕಡಲಿಗೆ ಓಡುತ್ತಲೇ ಇವೆ. ನಡುಗಡಲಿನ ಯಾವುದಾದರೂ ಪುಟ್ಟ ಮರಳುದ್ವೀಪಕ್ಕೆ ಹೋಗಿ ತೆಂಗಿನ ಬುಡದ ಹತ್ತಿರ ತೋಡಿ ನೋಡಿ, ಉಪ್ಪುನೀರಿನ ಮೇಲೆ ಕೂತ ಸಿಹಿನೀರು ಈಗಲೂ ಸಿಗುತ್ತದೆ. ಹಿರಿನೆಲನಿಗೆ ಮಲೆ, ಹಿಮ, ನದಿ ಎಲ್ಲ ಇದ್ದವು. ಚೋಟನಿಗೆ ಕೊನೆಗೆ ಸಿಕ್ಕಿದ್ದು ಒಂದು ಮಡಿಲು ಸಿಹಿನೀರು.